ಸತ್ತಂತೆ ಮಲಗಿದ ಹುಳುಗಳು

ಹುಳು ಸತ್ತಿದೆಯೋ ಇಲ್ಲವೋ ಎಂದು ನೋಡಿ ಹೇಳುವುದೇ ಅವಳ ಉದ್ಯೋಗ. ಕೇಳಿದವರು ನಗುತ್ತಾರೆ, ನಗಲಿ ಬಿಡಿ. ಟೊಮೆಟೊ, ಬದನೆ, ಮೆಣಸಿನ ಗಿಡಗಳ ಬೇರಿನೊಳಗೆ ಹೊಕ್ಕು, ಬೇರನ್ನೆಲ್ಲ ಗಂಟು ಗಂಟು ಮಾಡಿ, ಗಿಡ ನೀರು ಕುಡಿಯದಂತೆ ಮಾಡುವ ಹುಳುವೊಂದಿದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು, ಹಾವಳಿ ಮಾತ್ರ ಬೆಟ್ಟದಷ್ಟು. ಅದಕ್ಕೆ ವಿಷ ಸುರಿಯುವ ಬದಲು ಯಾವುದಾದರೂ ಗಿಡದ ರಸವೇ ಮದ್ದಾದೀತೇ ಎಂದು ಹುಡುಕುವ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಭಾವ, ಅಂದರೆ ಅಕ್ಕನ ಗಂಡ, ಅವಳಿಗೆ ‘ಹುಳದ ಡಾಕ್ಟ್ರು’ ಎಂದು ಹೆಸರಿಟ್ಟಿದ್ದ. ಕೊನೆಗೆ ಹೆತ್ತ ಅಮ್ಮನೂ ಫೋನಿನಲ್ಲಿ, “ಏನೇ ಹುಳದ ಡಾಕ್ಟ್ರೇ, ಊಟ ಆಯ್ತಾ?” ಎಂದು ಕೇಳುವಷ್ಟು ಆ ಹೆಸರು ಅಂಟಿಕೊಂಡಿತು.

ಅಕ್ಕ ಭಾವ ಸೇರಿ ಸಸಿ ಮಾಡಿ ಮಾರುತ್ತಿದ್ದರು. ಮನೆಯ ಹಿಂದೆ ಬಲೆ ಹೊದಿಸಿದ ಉದ್ದನೆಯ ಶೆಡ್ಡು, ಅದರೊಳಗೆ ಸಾಲು ಸಾಲು ಟ್ರೇಗಳು, ಟ್ರೇಯ ಒಂದೊಂದು ಗುಳಿಯಲ್ಲೂ ಒಂದೊಂದು ಸಸಿ. ಅವರ ಸಸಿ ಎಂದರೆ ಸುತ್ತಲಿನವರಿಗೆ ಕಣ್ಣು ಮುಚ್ಚಿ ಕೊಂಡುಕೊಳ್ಳುವಷ್ಟು ನಂಬಿಕೆ. ಆ ನಂಬಿಕೆ ಸುಮ್ಮನೆ ಬಂದದ್ದಲ್ಲ. ಟ್ರೇಗೆ ತುಂಬುವ ಮಣ್ಣನ್ನು ಭಾವ ಮೊದಲು ಆವಿಯಲ್ಲಿ ಬೇಯಿಸುತ್ತಿದ್ದ. ದೊಡ್ಡ ಡ್ರಮ್ಮಿನ ತಳದಲ್ಲಿ ನೀರು, ಮೇಲೆ ತೂತಿನ ತಗಡು, ಅದರ ಮೇಲೆ ಮಣ್ಣಿನ ಚೀಲಗಳು, ಕೆಳಗೆ ಧಗಧಗ ಬೆಂಕಿ. ಹುಳು, ಮೊಟ್ಟೆ ಎಲ್ಲ ಬೆಂದು ಹೋಗುತ್ತಿತ್ತು. ಜೊತೆಗೆ ಭಾವನ ಸೊಂಟವೂ ಹೋಯಿತು. ಚೀಲ ಎತ್ತಿ ಇಳಿಸಿ, ಎತ್ತಿ ಇಳಿಸಿ, ಕುಳಿತರೆ ಏಳಲಾಗದ, ಎದ್ದರೆ ಕೂರಲಾಗದ ಸ್ಥಿತಿಗೆ ಬಂದಿದ್ದ.

ಹಾಗಿರುವಾಗ ಲ್ಯಾಬಿನಲ್ಲಿ ಚೆಂಡುಹೂವಿನ ಗಿಡದ ಸರದಿ ಬಂತು. ಸೊಪ್ಪು, ಬೇರು ಎರಡನ್ನೂ ಅರೆದು, ಸೋಸಿ, ಆ ರಸವನ್ನು ಗಾಜಿನ ತಟ್ಟೆಗೆ ಹಾಕಿ ಅದರಲ್ಲಿ ಹುಳು ಬಿಟ್ಟಳು. ಬದುಕಿರುವ ಹುಳು ಬಳುಕುತ್ತಲೇ ಇರುತ್ತದೆ, ಸತ್ತದ್ದು ಸೂಜಿಯಂತೆ ನೆಟ್ಟಗೆ ಬಿದ್ದಿರುತ್ತದೆ. ಮರುದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ, ಆಹಾ, ಎಲ್ಲವೂ ನೆಟ್ಟಗೆ! ಸಣ್ಣ ಮುಳ್ಳಿನಿಂದ ಮುಟ್ಟಿ ನೋಡಿದಳು, ಒಂದೂ ಮಿಸುಕಲಿಲ್ಲ. ಅವಳಿಗೆ ಕುಣಿಯುವಂತಾಯಿತು.

ಆದರೆ ಆ ಕೆಲಸದಲ್ಲಿ ಇನ್ನೊಂದು ಹಂತವಿದೆ. ಬಿದ್ದ ಹುಳುಗಳನ್ನು ತೊಳೆದು, ಬರೀ ನೀರಿಗೆ ಬಿಟ್ಟು, ಮತ್ತೆ ಒಂದು ದಿನ ಕಾದು ನೋಡಬೇಕು. ನೀರಿಗೆ ಬಿಟ್ಟ ಮೇಲೂ ನೆಟ್ಟಗಿದ್ದರೆ ಸತ್ತಿದೆ ಎಂದರ್ಥ, ಬಳುಕಿದರೆ ಮತ್ತು ಬಂದು ಮಲಗಿತ್ತು ಎಂದರ್ಥ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ಹೇಳಿಕೊಡುತ್ತಿದ್ದವಳೂ ಅವಳೇ. ಆದರೆ ಈ ಪ್ರಯೋಗದ ಸುದ್ದಿ ಮೊದಲೇ ಕೇಳಿದ್ದ ಅಕ್ಕ ಅಂದು ಬೆಳಿಗ್ಗೆಯೇ ಫೋನು ಮಾಡಿ ಪ್ರಾಣ ಹಿಂಡಿದ್ದಳು. “ಇವತ್ತು ಮಣ್ಣು ಬೇಯಿಸೋಕೆ ಬೆಂಕಿ ಹಾಕ್ಬೇಕಾ, ಬೇಡ್ವಾ? ನಿಮ್ಮ ಭಾವ ಗೋಡೆ ಹಿಡ್ಕೊಂಡು ನಡೀತಿದ್ದಾರೆ ಕಣೇ. ಬಿತ್ತನೆ ತಡ ಆದ್ರೆ ಸಸಿ ಕೇಳಿದವ್ರೆಲ್ಲ ಬೇರೆ ಕಡೆ ಹೋಗ್ತಾರೆ. ಏನೋ ಒಂದು ಹೇಳಿಬಿಡು.”

ಅವಳು ಹೇಳಿಬಿಟ್ಟಳು. “ಬೆಂಕಿ ಹಾಕ್ಬೇಡ ಅಕ್ಕ. ಎಲ್ಲಾ ಸತ್ತಿವೆ. ರಸ ಮಾಡೋದು ಹೇಗೆ ಅಂತ ಹೇಳ್ತೀನಿ, ಅದನ್ನೇ ಮಣ್ಣಿಗೆ ಕುಡಿಸಿ.”

ಆ ಕಡೆಯಿಂದ ಭಾವ ಫೋನು ಕಸಿದುಕೊಂಡು, “ಹುಳದ ಡಾಕ್ಟ್ರೇ, ನೀವು ಬರೀ ಹುಳಕ್ಕಲ್ಲ, ನನ್ನ ಸೊಂಟಕ್ಕೂ ಡಾಕ್ಟ್ರು!” ಎಂದು ಕೂಗಿದ. ಅವಳು ನಕ್ಕಳು. ನಗದೆ ಏನು? ಬೇರೆಯವರ ಸೊಂಟ ಉಳಿಸಿದ ಸಂತೋಷ ಸಾಮಾನ್ಯವೇ?

ರಸ ಅರೆಯುವ ಕೆಲಸ ಮಾವನ ಪಾಲಿಗೆ ಬಂತು. ಮಾವ ಎಂದರೆ ಭಾವನ ತಂದೆ. ಜೀವಮಾನವೆಲ್ಲ ಬಟ್ಟೆ ಹೊಲಿದ ಮನುಷ್ಯ. ಟೇಪು ಹಿಡಿಯದೆ ಎದುರಿಗೆ ನಿಂತವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಅಂಗಿ ಕತ್ತರಿಸುತ್ತಿದ್ದರಂತೆ, ಒಂದು ನೂಲಿನಷ್ಟೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲವಂತೆ. ಕಣ್ಣು ಮಂಜಾಗಿ ಹೊಲಿಗೆ ಬಿಟ್ಟ ಮೇಲೆ ಮಗನ ಶೆಡ್ಡಿನಲ್ಲಿ ಅವರಿಗೆ ಮಾಡಲು ಏನೂ ಇರಲಿಲ್ಲ. ಏನಾದರೂ ಮುಟ್ಟಲು ಹೋದರೆ, “ನೀವು ಸುಮ್ನೆ ಕೂತ್ಕೊಳ್ಳಿ ಅಪ್ಪ,” ಎಂಬ ಮಾತು ತಯಾರಾಗಿರುತ್ತಿತ್ತು. ಈಗ ಸೊಪ್ಪು ಕೊಯ್ಯುವುದು, ಅರೆಯುವುದು, ಸೋಸುವುದು, ಅಳೆದು ನೀರು ಬೆರೆಸುವುದು, ಎಲ್ಲ ಅವರದೇ. ಅಕ್ಕ ಹೇಳುತ್ತಿದ್ದಳು, “ಮಾವನ್ನ ನೋಡ್ಬೇಕು ನೀನು. ಅಂಗಿ ತೋಳು ಮಡಚಿಕೊಂಡು ಓಡಾಡ್ತಾರೆ, ಹತ್ತಿರ ಹೋದ್ರೆ ನಮ್ಮನ್ನೇ ಗದರಿಸ್ತಾರೆ!”

ಕೆಲವು ದಿನಗಳಾದ ಮೇಲೆ ಲ್ಯಾಬಿನ ಮೇಡಂ ಕೇಳಿದರು, “ಚೆಂಡುಹೂವಿನದು ನೀರಿಗೆ ಬಿಟ್ಟು ನೋಡಿದ್ರಾ?” ಇಲ್ಲವೆನ್ನಲು ನಾಚಿಕೆಯಾಗಿ, ಮೊದಲಿನಿಂದ ಎಲ್ಲವನ್ನೂ ಮತ್ತೆ ಮಾಡಿದಳು. ಹುಳು ಬಿಟ್ಟಳು, ಬಿದ್ದವು. ತೊಳೆದಳು, ನೀರಿಗೆ ಬಿಟ್ಟಳು. ಮರುದಿನ ಕಣ್ಣಿಟ್ಟಳು.

ಬಳುಕುತ್ತಿದ್ದವು. ಒಂದೆರಡಲ್ಲ, ತಟ್ಟೆಯ ತುಂಬ. ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಹಾಗೆ ಗೆಲುವಾಗಿ ಬಳುಕುತ್ತಿದ್ದವು.

ಅಕ್ಕನ ಶೆಡ್ಡಿನಲ್ಲಿ ದಿನವೂ ಸಸಿಗಳಿಗೆ ನೀರು ಬಿಡುತ್ತಾರೆ. ದಿನವೂ! ಮಣ್ಣಿಗೆ ಕುಡಿಸಿದ ರಸವನ್ನು ಆ ನೀರೇ ತೊಳೆದು ಹಾಕುತ್ತದೆ. ಮಲಗಿದ್ದ ಹುಳು ಎದ್ದು ನೋಡಿದರೆ ಎದುರಿಗೇ ಎಳೆ ಬೇರು. ಇದು ಗೊತ್ತಾಗಲು ಡಾಕ್ಟರಾಗಬೇಕಿಲ್ಲ. ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, “ಸಾಯಲ್ಲ ಮೇಡಂ, ಬರೀ ಮತ್ತು ಬರುತ್ತೆ.” ಮೇಡಂ, “ಹೋಗ್ಲಿ ಬಿಡಿ, ಬೇರೆ ಗಿಡ ನೋಡೋಣ,” ಎಂದು ಚಹಾ ಕುಡಿಯಲು ಹೋದರು. ಲ್ಯಾಬಿನಲ್ಲಿ ಅಷ್ಟೇ. ಒಂದು ಗಿಡ ಆಗದಿದ್ದರೆ ಇನ್ನೊಂದು.

ಅಕ್ಕನಿಗೆ ಹೇಳಬೇಕಿತ್ತು. ಫೋನು ಕೈಗೆತ್ತಿಕೊಂಡಳು, ಇಟ್ಟಳು. ಮತ್ತೆ ಎತ್ತಿಕೊಂಡಳು. ಅಷ್ಟರಲ್ಲಿ ಅಕ್ಕನೇ ಒಂದು ಫೋಟೊ ಕಳಿಸಿದಳು: ಹಸಿರು ಸಸಿಗಳ ಸಾಲು, ಅದರ ಪಕ್ಕ ತೋಳು ಮಡಚಿಕೊಂಡ ಮಾವ, ಬಾಯಿ ತುಂಬ ನಗು. ಅದನ್ನು ನೋಡಿ ಫೋನನ್ನು ಮತ್ತೆ ಕೆಳಗಿಟ್ಟಳು. ತಟ್ಟೆಯೇ ಬೇರೆ, ಮಣ್ಣೇ ಬೇರೆ ಎಂದು ತನಗೆ ತಾನೇ ಹೇಳಿಕೊಂಡಳು. ಅಕ್ಕನ ಮಣ್ಣಿನಲ್ಲಿ ಹುಳು ಇಲ್ಲದೆಯೂ ಇರಬಹುದು ಎಂದುಕೊಂಡಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಮನುಷ್ಯನ ಮನಸ್ಸು ತನಗೆ ಬೇಕಾದ ವಕೀಲನನ್ನು ಎಲ್ಲಿಂದಲಾದರೂ ಹುಡುಕಿ ತಂದುಬಿಡುತ್ತದೆ ನೋಡಿ! ಆ ನಾಳೆ ಬರಲೇ ಇಲ್ಲ. ಟ್ರೇಗಳು ಶೆಡ್ಡಿನಿಂದ ಹೊರಟವು, ಸಸಿಗಳು ಹತ್ತಾರು ಜನರ ನೆಲ ಸೇರಿದವು.

ಗಿಡಗಳು ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ಒಬ್ಬೊಬ್ಬರೇ ಫೋನು ಮಾಡತೊಡಗಿದರು. ಮಧ್ಯಾಹ್ನವಾದರೆ ಸೊರಗುತ್ತವಂತೆ, ಎಷ್ಟು ನೀರು ಹಾಕಿದರೂ ಎಲೆ ಹಳದಿಯಂತೆ. ಭಾವ ಹೋಗಿ ಒಂದು ಗಿಡ ಕಿತ್ತು ನೋಡಿದ. ಬೇರಿನ ತುಂಬ ಗಂಟು.

ಅವಳನ್ನು ಕರೆಸಿದರು. ಹೋಗದೆ ಇರುವಂತಿರಲಿಲ್ಲ. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಅದರ ಮೇಲೆ ಕಿತ್ತು ತಂದ ಗಿಡಗಳನ್ನು ಇಟ್ಟಿದ್ದರು. ಅಕ್ಕ ತಂಗಿಗೆ ಚಹಾ ಕೊಟ್ಟು ಕುರ್ಚಿ ಎಳೆದು ಕೂರಿಸಿ, “ನೀನೇ ಹೇಳು, ಏನಾಗಿದೆ ಇದಕ್ಕೆ?” ಎಂದಳು. ಆ ಧ್ವನಿಯಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಅದೇ ಅವಳನ್ನು ಕೊಂದದ್ದು. ಅನುಮಾನವಿದ್ದಿದ್ದರೆ ಜಗಳವಾಡಿಯಾದರೂ ಬಾಯಿಬಿಡುತ್ತಿದ್ದಳು.

“ಬೇರುಗಂಟಿನ ಹುಳ,” ಎಂದಳು. ಅಷ್ಟು ಮಾತ್ರ.

“ಅದು ನನಗೂ ಕಾಣ್ತಿದೆ,” ಎಂದ ಭಾವ. “ಮದ್ದು ಹಾಕಿದ್ರೂ ಹೇಗೆ ಬಂತು? ನಿಮ್ಮ ಲ್ಯಾಬಲ್ಲಿ ಎಲ್ಲಾ ಸತ್ತಿದ್ವಲ್ಲ? ಅಂದ್ರೆ ರಸ ಸರಿಯಾಗಿ ಆಗಿಲ್ಲ.” ಅವನು ತಂದೆಯ ಕಡೆ ತಿರುಗಿದ. “ಅಪ್ಪ, ಹೇಳಿದ ಅಳತೆಗೇ ಮಾಡಿದ್ರಿ ತಾನೆ?”

ಮಾವ ಬಾಗಿಲ ಹತ್ತಿರ ನಿಂತಿದ್ದರು. ತುಂಬ ಹೊತ್ತು ಯೋಚಿಸಿದರು. ಸುಳ್ಳು ಹೇಳುವ ಮನುಷ್ಯನಾಗಿದ್ದರೆ ಯೋಚಿಸುತ್ತಿರಲಿಲ್ಲ. “ಒಂದು ದಿನ ಸೊಪ್ಪು ಸ್ವಲ್ಪ ಕಮ್ಮಿ ಬಿತ್ತು ಕಣೋ,” ಎಂದರು. “ಡ್ರಮ್ಮು ತುಂಬಬೇಕಲ್ಲ ಅಂತ ಒಂದು ಮಗ್ಗು ನೀರು ಜಾಸ್ತಿ ಹಾಕ್ದೆ. ಒಂದೇ ಮಗ್ಗು.”

ಭಾವ ಮೇಜು ಗುದ್ದಿದ. ಚಹಾ ಚೆಲ್ಲಿತು. “ಒಂದೇ ಮಗ್ಗಂತೆ! ಕೇಳ್ಬಾರ್ದಿತ್ತಾ? ಬಾಯಿರಲಿಲ್ವಾ? ಸುಮ್ನೆ ಕೂತಿದ್ದಿದ್ರೆ ಸಾಕಾಗಿತ್ತು ನೀವು! ಎಷ್ಟು ಜನರ ನೆಲ ಹಾಳಾಯ್ತು ಗೊತ್ತಾ? ಒಂದು ಸಲ ಹೊಕ್ಕರೆ ಆ ಹುಳ ಹೋಗಲ್ಲ, ಅವ್ರು ಇನ್ನು ವರ್ಷಗಟ್ಟಲೆ ಟೊಮೆಟೊ ಮುಖ ನೋಡೋ ಹಾಗಿಲ್ಲ. ನನ್ನ ಹೆಸರಿಗೆ ಮಸಿ ಬಳಿದುಬಿಟ್ರಿ!”

“ರೀ, ಮೆಲ್ಲಗೆ,” ಎಂದಳು ಅಕ್ಕ.

ತಂಗಿ ಚಹಾದ ಲೋಟ ಹಿಡಿದು ಕುಳಿತಿದ್ದಳು. ಒಂದು ಮಗ್ಗು ನೀರಿನಿಂದ ಏನೂ ಆಗಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಬಾಯಿ ತೆರೆದರೆ ಸಾಕಿತ್ತು. ಲೋಟ ತುಟಿಗೆ ಹಚ್ಚಿದಳು. ಮಾವ ಮಡಚಿದ್ದ ತೋಳನ್ನು ಬಿಚ್ಚಿ, ಗುಂಡಿ ಹಾಕಿಕೊಂಡು, ಹೊರಗೆ ಹೋದರು. ಥೂ ನಿನ್ನ ಜನ್ಮಕ್ಕೆ ಎಂದು ಅವಳು ತನ್ನನ್ನು ತಾನೇ ಬೈದುಕೊಂಡದ್ದು ಮನೆಗೆ ಮರಳುವ ಬಸ್ಸಿನಲ್ಲಿ. ಬಸ್ಸಿನಲ್ಲಿ ಬೈದುಕೊಂಡು ಏನು ಪ್ರಯೋಜನ?

ಆಮೇಲೆ ಅಕ್ಕನ ಫೋನುಗಳು ಬರತೊಡಗಿದವು. ಅಪ್ಪ ಮಗನಿಗೆ ಮಾತೇ ಇಲ್ಲವಂತೆ. ಮಾವ ಊಟಕ್ಕೆ ಎಲ್ಲರ ಜೊತೆ ಕೂರುವುದಿಲ್ಲವಂತೆ. ಬೆಳಿಗ್ಗೆ ಎದ್ದು, ಸಸಿ ಕೊಂಡವರ ಮನೆ ಹುಡುಕಿಕೊಂಡು ಒಬ್ಬರೇ ಹೋಗುತ್ತಾರಂತೆ. ಕ್ಷಮೆ ಕೇಳಿ, ಬೇರು ಸಮೇತ ಗಿಡಗಳನ್ನು ತಾವೇ ಕಿತ್ತು, ಸುಟ್ಟು ಬರುತ್ತಾರಂತೆ. “ಬಿಸಿಲಲ್ಲಿ ತಲೆ ತಿರುಗಿ ಬಿದ್ರೆ ಏನು ಗತಿ? ನನ್ನ ಮಾತು ಕೇಳಲ್ಲ. ನಿನ್ನ ಮೇಲೆ ಅವ್ರಿಗೆ ಪ್ರೀತಿ, ನೀನಾದ್ರೂ ಒಂದು ಸಲ ಜೊತೆಗೆ ಹೋಗಿ ಬುದ್ಧಿ ಹೇಳು,” ಎಂದಳು ಅಕ್ಕ.

ಬುದ್ಧಿ ಹೇಳಬೇಕಂತೆ, ಅವಳು! ರಜೆ ಹಾಕಿ ಹೋದಳು.

ಅಂದು ಮಾವ ಹೊರಟಿದ್ದು ಬಸ್ಸಿನ ಡ್ರೈವರ್ ಒಬ್ಬನ ಮನೆಗೆ. ಕೆಲಸದಿಂದ ನಿವೃತ್ತನಾಗಿ ಮನೆಯ ಹಿತ್ತಿಲಲ್ಲಿ ಟೊಮೆಟೊ ಹಾಕಿಕೊಂಡಿದ್ದ ಮನುಷ್ಯ. ದಾರಿಯುದ್ದಕ್ಕೂ ಅವಳು ಮಾತು ಶುರು ಮಾಡಲು ನೋಡಿದಳು. “ಮಾವ, ನಿಮಗೊಂದು ಹೇಳ್ಬೇಕು,” ಎಂದಳು. ಅವರು ಮಧ್ಯದಲ್ಲೇ ಬಾಯಿ ಹಾಕಿ, “ನೀನೇನೂ ಹೇಳ್ಬೇಡ ಕಣಮ್ಮ,” ಎಂದರು. “ನೀನು ಕಷ್ಟಪಟ್ಟು ಕಂಡುಹಿಡಿದ ಮದ್ದು. ನಾನು ಕೆಡಿಸಿಬಿಟ್ಟೆ. ಲ್ಯಾಬಲ್ಲಿ ನಿನಗೇನಾದ್ರೂ ತೊಂದರೆ ಆಯ್ತಾ? ಅದೇ ಯೋಚನೆ ನನಗೆ.” ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಇಲ್ಲ ಎಂದು ತಲೆಯಾಡಿಸಿ ಸುಮ್ಮನಾದಳು. ಮತ್ತೆ ಸುಮ್ಮನಾದಳು, ನೋಡಿ!

ಡ್ರೈವರ್ ಕೋಪದ ಮನುಷ್ಯನೇನಲ್ಲ, ಆದರೆ ಮಾತಿಗೆ ಬ್ರೇಕಿಲ್ಲ. ಹಿತ್ತಿಲ ಬಾಗಿಲು ತೆಗೆದು ಗಿಡಗಳ ಸಾಲು ತೋರಿಸಿದ. “ನೋಡಿ ಯಜಮಾನ್ರೇ, ಹೂ ಬಿಟ್ಟಿವೆ, ಕಾಯಿ ಕಟ್ಟಲ್ಲ. ಎರಡು ಹೊತ್ತು ನೀರು ಹೊತ್ತು ಹಾಕಿದೀನಿ. ಹೆಂಡತಿ ನನ್ನನ್ನ ನೋಡಿ ನಗ್ತಾಳೆ.”

ಮಾವ ಕೈಮುಗಿದರು. ಅಷ್ಟು ದಿನಗಳಿಂದ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು ಅವರ ಬಾಯಿಂದ ಸರಾಗವಾಗಿ ಬಂತು. “ತಪ್ಪು ನನ್ನದು. ಮಗನದ್ದಾಗಲಿ, ಸೊಸೆಯದ್ದಾಗಲಿ ಏನೂ ಇಲ್ಲ. ರಸ ತೆಳ್ಳಗೆ ಮಾಡ್ಬಿಟ್ಟೆ. ವಯಸ್ಸಾಯ್ತು, ಕೈಗೆ ಅಂದಾಜು ಸಿಗಲ್ಲ.”

“ಅಲ್ಲ ರೀ, ಇಂಥಾ ಕೆಲಸನ ಯಾರಾದ್ರೂ ವಯಸ್ಸಾದವ್ರ ಕೈಗೆ ಕೊಡ್ತಾರಾ?” ಎಂದ ಡ್ರೈವರ್. “ನನಗೆ ಅರವತ್ತಾದ ತಕ್ಷಣ ಸ್ಟಿಯರಿಂಗು ಕಿತ್ಕೊಂಡ್ರು. ಸರಿಯಾಗೇ ಮಾಡಿದ್ರು.”

“ನಿಜ, ನಿಜ,” ಎಂದರು ಮಾವ. “ಕೊಡ್ಬಾರ್ದಿತ್ತು.”

ಮೇಲಿಂದ ಕೆಳಗೆ ಒಮ್ಮೆ ನೋಡಿ ಅಂಗಿ ಕತ್ತರಿಸುತ್ತಿದ್ದ ಮನುಷ್ಯ, ತನ್ನ ಕೈಗೆ ಅಂದಾಜು ಸಿಗುವುದಿಲ್ಲ ಎಂದು ಯಾರದೋ ಹಿತ್ತಿಲಲ್ಲಿ ನಿಂತು ಒಪ್ಪಿಕೊಳ್ಳುತ್ತಿದ್ದರು. ಒಪ್ಪಿಕೊಂಡು, ಸೊಂಟ ಬಗ್ಗಿಸಿ, ಮೊದಲ ಗಿಡಕ್ಕೆ ಕೈ ಹಾಕಿದರು.

“ಮಾವ, ಬಿಡಿ ಅದನ್ನ,” ಎಂದಳು ಅವಳು. ಧ್ವನಿ ತನ್ನದೇ ಅಲ್ಲವೇನೋ ಎನ್ನುವಷ್ಟು ಜೋರಾಗಿ ಬಂತು. “ನಿಮ್ಮದೇನೂ ತಪ್ಪಿಲ್ಲ. ಆ ರಸಕ್ಕೆ ಹುಳ ಸಾಯೋದೇ ಇಲ್ಲ. ನಾನು ಪೂರ್ತಿ ನೋಡದೆ ಹೇಳಿದ್ದೆ.”

ಮಾವ ಬಗ್ಗಿದಲ್ಲಿಂದಲೇ ತಲೆಯೆತ್ತಿದರು.

“ರಸದಲ್ಲಿ ಬಿದ್ದ ಹುಳನ ನೀರಿಗೆ ಬಿಟ್ಟು ನೋಡ್ಬೇಕು. ಅದು ನಮ್ಮ ಕೆಲಸದ ಮೊದಲ ಪಾಠ. ಅಕ್ಕ ಅವಸರ ಮಾಡಿದ್ಲು ಅಂತ ನಾನು ನೋಡ್ಲಿಲ್ಲ. ಆಮೇಲೆ ನೋಡಿದಾಗ ಎಲ್ಲಾ ಎದ್ದು ಓಡಾಡ್ತಿದ್ವು.”

“ಅಂದ್ರೆ, ನಾನು ಗಟ್ಟಿಯಾಗಿ ಮಾಡಿದ್ರೂ?”

“ಗಟ್ಟಿಯಾಗಿ ಮಾಡಿದ್ರೂ ಅಷ್ಟೇ. ಇನ್ನಷ್ಟು ಹೊತ್ತು ಮಲಗಿರ್ತಿದ್ವು. ಸಾಯ್ತಿರಲಿಲ್ಲ.”

ಡ್ರೈವರ್ ಒಮ್ಮೆ ಅವಳನ್ನು, ಒಮ್ಮೆ ಮಾವನನ್ನು ನೋಡಿ, ಜೀವನದಲ್ಲಿ ಮೊದಲ ಬಾರಿಗೆ ಇರಬೇಕು, ಬಾಯಿ ಮುಚ್ಚಿಕೊಂಡು ನಿಂತ. ಮಾವ ಮಂಡಿಯ ಮೇಲೆ ಕೈಯೂರಿ ನಿಧಾನವಾಗಿ ಎದ್ದರು. ಅವರ ಮುಖದಲ್ಲಿ ನೆಮ್ಮದಿ ಕಂಡೀತು ಎಂದು ಅವಳು ಕಾದಳು. ಕಾಣಲಿಲ್ಲ.

“ಅವನು ನನ್ನನ್ನ ಬೈದ ದಿನ ನಿನಗಿದು ಗೊತ್ತಿತ್ತಾ?” ಎಂದು ಕೇಳಿದರು.

“ಗೊತ್ತಿತ್ತು.”

“ನೀನು ಅಲ್ಲೇ ಕೂತಿದ್ದೆ.”

“ಹೂಂ.”

“ಚಹಾ ಕುಡೀತಾ ಇದ್ದೆ.”

ಅವಳಿಗೆ ಅಳು ಒತ್ತರಿಸಿ ಬಂತು. ಅಳುವ ಹಕ್ಕೂ ತನಗಿಲ್ಲ ಎನ್ನಿಸಿ ತುಟಿ ಕಚ್ಚಿ ಹಿಡಿದಳು. ಕಾಲಿಗೆ ಬೀಳೋಣವೆಂದುಕೊಂಡಳು. ಬಿದ್ದರೆ ಅವರು ಎತ್ತಲೇಬೇಕಾಗುತ್ತದೆ, ಎತ್ತಿ ಹೋಗಲಿ ಬಿಡಮ್ಮ ಎನ್ನಬೇಕಾಗುತ್ತದೆ. ಆ ಭಾರವನ್ನೂ ಅವರ ಮೇಲೆಯೇ ಹಾಕಲು ಮನಸ್ಸು ಬರಲಿಲ್ಲ.

“ಅವನಿಗೆ ಫೋನು ಮಾಡು,” ಎಂದರು ಮಾವ. “ಜೋರಾಗಿ ಕೇಳೋ ಹಾಗೆ ಇಡು. ನನಗೆ ಕೇಳಿಸ್ಬೇಕು.”

ಮಾಡಿದಳು. ಭಾವ ಎತ್ತಿಕೊಂಡು, “ಹೇಳಿ ಹುಳದ ಡಾಕ್ಟ್ರೇ,” ಎಂದ. ಅವಳು ಫೋನನ್ನು ಅಂಗೈ ಮೇಲೆ ಇಟ್ಟುಕೊಂಡು, ಡ್ರೈವರ್‌ಗೆ, ಮಾವನಿಗೆ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿದಳು. ಎಲ್ಲಿಯೂ ಮೆತ್ತಗೆ ಮಾಡಲಿಲ್ಲ. ಹೇಳಿ ಮುಗಿದ ಮೇಲೆ ಆ ಕಡೆಯಿಂದ ಅಕ್ಕನ ಧ್ವನಿ ಬಂತು. ಅವಳೂ ಕೇಳಿಸಿಕೊಳ್ಳುತ್ತಿದ್ದಳು.

“ಆ ಹುಳಗಳು ಎದ್ದಿದ್ದನ್ನ ನೀನು ನೋಡಿದ್ದು ಯಾವಾಗ?”

“ನೀನು ಮಾವನ ಫೋಟೊ ಕಳಿಸಿದ ದಿನ.”

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದು ತಂಗಿಗೆ ಗೊತ್ತಾಯಿತು. ಏನು ಉತ್ತರ ಬರುತ್ತದೆ ಎಂಬುದೂ ಗೊತ್ತಿತ್ತು.

“ಅವತ್ತು ಟ್ರೇಗಳೆಲ್ಲ ಇನ್ನೂ ಇಲ್ಲೇ ಇದ್ವು ಕಣೇ,” ಎಂದಳು ಅಕ್ಕ. ಬೈಯಲಿಲ್ಲ. “ಒಂದೂ ಹೊರಗೆ ಹೋಗಿರಲಿಲ್ಲ. ಎಲ್ಲಾ ಸುರಿದು ಬೇರೆ ಬಿತ್ತಬಹುದಿತ್ತು.”

“ಹೌದು ಅಕ್ಕ.”

“ಪಾಪ, ಅವ್ರ ಹಿತ್ತಿಲೆಲ್ಲ...” ಅಕ್ಕನ ಮಾತು ಅಲ್ಲಿಗೇ ನಿಂತಿತು. ಅವಳು ಅತ್ತಳೋ ಏನೋ, ಫೋನು ಮತ್ತೆ ಭಾವನ ಕೈಗೆ ಹೋಯಿತು. ಭಾವ ಗಂಟಲು ಸರಿಮಾಡಿಕೊಂಡ. ಒಮ್ಮೆ, ಇನ್ನೊಮ್ಮೆ.

“ಅಪ್ಪ ಅಲ್ಲೇ ಇದ್ದಾರಾ?”

“ಇದ್ದಾರೆ. ಕೇಳಿಸ್ಕೊಳ್ತಿದ್ದಾರೆ.”

ಆಮೇಲೆ, “ಅಪ್ಪ,” ಎಂದ ಭಾವ. “ಊಟ ಮಾಡಿದ್ರಾ?”

ಮಾವ ಫೋನನ್ನೇ ನೋಡುತ್ತ ನಿಂತರು. ಅಷ್ಟು ದಿನಗಳಲ್ಲಿ ಮಗ ಕೇಳಿದ ಮೊದಲ ಮಾತು ಅದು. “ಇಲ್ಲ,” ಎಂದರು.

“ಬಂದು ಕರ್ಕೊಂಡು ಹೋಗ್ತೀನಿ. ಅಲ್ಲೇ ಇರಿ.”

“ನಿನ್ನ ಸೊಂಟ?”

“ಇರಲಿ, ಬರ್ತೀನಿ.”

ಫೋನು ನಿಂತಿತು. ಅವಳ ಜೊತೆ ಯಾರೂ ಮಾತು ಮುಗಿಸಿರಲಿಲ್ಲ. ಮಾವ ಪಂಚೆಯ ತುದಿಯಿಂದ ಮುಖ ಒರೆಸಿಕೊಂಡು, ಡ್ರೈವರ್ ತಂದುಕೊಟ್ಟ ನೀರು ಕುಡಿದು, ನೆರಳಿನಲ್ಲಿದ್ದ ಕಲ್ಲಿನ ಮೇಲೆ ಕುಳಿತರು. ಮಗ ಬರುವ ದಾರಿಯ ಕಡೆಗೇ ಕಣ್ಣು ನೆಟ್ಟಿದ್ದರು. ಅವಳನ್ನು ಹೋಗು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ.

ಅವಳು ಬಗ್ಗಿ, ಮಾವ ಬಿಟ್ಟಿದ್ದ ಗಿಡದ ಬುಡಕ್ಕೆ ಕೈ ಹಾಕಿದಳು. ಬೇರು ಒಂದಿಷ್ಟೂ ಉಳಿಯದಂತೆ, ಮಣ್ಣು ಸಡಿಲ ಮಾಡಿ ಎಳೆಯಬೇಕು. ಎಳೆದಳು. ಗಂಟು ಗಂಟಾದ ಬೇರು ಕೈಗೆ ಬಂತು. ಡ್ರೈವರ್ ಖಾಲಿ ಚೀಲ ತಂದು ಅವಳ ಪಕ್ಕದಲ್ಲಿಟ್ಟು, “ಇದಕ್ಕೆ ಹಾಕಿ,” ಎಂದ. “ಇಲ್ಲಿ ಮತ್ತೆ ಟೊಮೆಟೊ ಯಾವಾಗ ಹಾಕಬಹುದು?”

“ಸದ್ಯಕ್ಕಂತೂ ಆಗಲ್ಲ,” ಎಂದಳು ಅವಳು. ಅವನು ಖಾಲಿಯಾಗುತ್ತಿದ್ದ ಸಾಲನ್ನು ನೋಡುತ್ತ ನಿಂತ. ಅವಳು ಎರಡನೆಯ ಗಿಡಕ್ಕೆ ಕೈ ಹಾಕಿದಳು.